ಅಟ್ಟದ ಮೇಲಿನ ಕಾಫಿ ಮಿಷನ್

ಮಲೆನಾಡಿನ ಹಳೆಯ ತೊಟ್ಟಿಮನೆಗಳಲ್ಲಿ ಅಡುಗೆಮನೆಯ ಕಂಬವನ್ನೋ ಉಗ್ರಾಣದ ಪಕ್ಕದ ದಪ್ಪ ಹಲಗೆಯನ್ನೋ ಹತ್ತಿರದಿಂದ ನೋಡಿದರೆ ಕೆಲವೆಡೆ ಮೂರ್ನಾಲ್ಕು ಸ್ಕ್ರೂ ತೂತುಗಳು ಕಾಣಿಸುತ್ತವೆ. ಅವುಗಳ ಸುತ್ತಲಿನ ಮರ ಎಣ್ಣೆ ಕುಡಿದು ಕಪ್ಪಗೆ ನುಣುಪಾಗಿರುತ್ತದೆ. ಕಾಫಿಬೀಜ ಪುಡಿಮಾಡುವ ಕೈಮಿಷನ್ ಒಂದು ಕಾಲಕ್ಕೆ ಅಲ್ಲಿ ಕೂತಿತ್ತು. ಮೇಲೆ ಬೀಜ ಸುರಿಯುವ ಬಟ್ಟಲು, ಪಕ್ಕದಲ್ಲಿ ಮರದ ಗುಂಡಿನ ಉದ್ದ ಹಿಡಿ, ಕೆಳಗೆ ಪುಡಿ ಬೀಳುವ ತಟ್ಟೆ. ಮನೆಗೆ ನೆಂಟರು ಬಂದರೆಂದರೆ ಮೊದಲು ಕೇಳಿಸುತ್ತಿದ್ದದ್ದು ಅದರ ಸದ್ದು.

ಆ ಮಿಷನ್‌ಗಳಲ್ಲಿ ಬಹಳಷ್ಟು ಗುಜರಿಗೆ ಹೋದವು. ಉಳಿದವನ್ನು ಈಗ ಜನ ಹುಡುಕಿಕೊಂಡು ಹೋಗುತ್ತಿದ್ದಾರೆ. ಬೆಂಗಳೂರು, ಮೈಸೂರುಗಳಲ್ಲಿ ತೋಟದ ಹೆಸರು ಕೇಳಿ ಬೀಜ ಕೊಳ್ಳುವ, ಕುಡಿಯುವ ಹೊತ್ತಿಗೇ ಪುಡಿಮಾಡಿಕೊಳ್ಳುವ ಹೊಸ ತಲೆಮಾರಿಗೆ ಅಜ್ಜಿಯ ಕಾಲದ ಎರಕದ ಮಿಷನ್ನೂ ಹಿತ್ತಾಳೆ ಫಿಲ್ಟರೂ ಬೇಕಾಗಿವೆ. ಇವು ಹೇಗೆ ಬಂದವು, ಯಾಕೆ ಇಷ್ಟು ಬಾಳಿದವು, ಯಾಕೆ ಮನೆ ಬಿಟ್ಟವು ಎಂಬುದು ತಿಳಿದಿದ್ದರೆ ಹುಡುಕುವ ಕೆಲಸವೂ ಸುಲಭ.

ಕಾಫಿ ಬೆಳೆದ ನಾಡಿಗೆ ಕಾಫಿ ಕುಡಿಯುವ ರೂಢಿ ತಡವಾಗಿ ಬಂತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ನಾಡಿನ ನಂಬಿಕೆ. 1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷಿನವ ಆ ಬೆಟ್ಟಸಾಲಿನ ದಕ್ಷಿಣಕ್ಕೆ ತೋಟ ಹಾಕಿದ. ಮುಂದಿನ ದಶಕಗಳಲ್ಲಿ ಚಿಕ್ಕಮಗಳೂರು, ಮಂಜರಾಬಾದ್, ಕೊಡಗುಗಳ ಕಾಡು ತೋಟವಾಯಿತು. ಆದರೆ ಒಳ್ಳೆಯ ಬೀಜವೆಲ್ಲ ಘಟ್ಟ ಇಳಿದು ಮಂಗಳೂರು, ತಲಶೇರಿ ಬಂದರುಗಳ ದಾರಿ ಹಿಡಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತನೆಯದರ ಮೊದಲ ದಶಕಗಳಲ್ಲಿ ರೈಲು, ಕಚೇರಿ ನೌಕರಿ, ಪೇಟೆಯ ಹೋಟೆಲುಗಳ ಜೊತೆಜೊತೆಗೆ ಕಾಫಿ ಮಧ್ಯಮ ವರ್ಗದ ಮನೆಗಳಿಗೆ ನುಗ್ಗಿತು. ಇವತ್ತು ಎಂ.ಟಿ.ಆರ್. ಎಂದು ಹೆಸರಾಗಿರುವ ಹೋಟೆಲು 1924ರಲ್ಲಿ ಶುರುವಾದದ್ದು 'ಬ್ರಾಹ್ಮಿನ್ ಕಾಫಿ ಕ್ಲಬ್' ಎಂಬ ಹೆಸರಿನಲ್ಲಿ. ಹೋಟೆಲಿನ ಹೆಸರಲ್ಲೇ ಕಾಫಿ ಸೇರಿಕೊಳ್ಳುವಷ್ಟು ಅದರ ಸೆಳೆತವಿತ್ತು.

ಮೊದಮೊದಲು ಮನೆಯ ಕಾಫಿಗೆ ಬೇರೆ ಉಪಕರಣವೇ ಇರಲಿಲ್ಲ. ಬಾಣಲೆಯಲ್ಲಿ ಹುರಿಯುವುದು, ಒರಳಲ್ಲೋ ಕುಟ್ಟಾಣಿಯಲ್ಲೋ ಕುಟ್ಟುವುದು, ಬೆಲ್ಲ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸುವುದು. ಇದರಲ್ಲಿ ಒಂದು ತೊಡಕಿತ್ತು. ಕುಟ್ಟಿದ ಬೀಜ ಒಂದೇ ಹದಕ್ಕೆ ಬರುವುದಿಲ್ಲ. ಒಂದಷ್ಟು ಹಿಟ್ಟಾಗುತ್ತದೆ, ಒಂದಷ್ಟು ನುಚ್ಚಾಗಿಯೇ ಉಳಿಯುತ್ತದೆ. ಹಿಟ್ಟು ತನ್ನ ಸಾರವನ್ನೆಲ್ಲ ಬೇಗ ಬಿಟ್ಟು ಕಹಿ ಇಳಿಸುತ್ತದೆ. ನುಚ್ಚು ರುಚಿಯನ್ನು ಒಳಗೇ ಇಟ್ಟುಕೊಂಡು ಚರಟದ ಪಾಲಾಗುತ್ತದೆ. ಒಂದೇ ಲೋಟದಲ್ಲಿ ಕಹಿಯೂ ಇರುತ್ತದೆ, ಸಪ್ಪೆಯೂ ಇರುತ್ತದೆ. ಈ ತೊಡಕನ್ನು ಬಿಡಿಸುವ ಯಂತ್ರ ಅಷ್ಟರಲ್ಲಾಗಲೇ ಯುರೋಪಿನಲ್ಲಿ ಪಳಗಿತ್ತು.

ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಆರ್ಚಿಬಾಲ್ಡ್ ಕೆನ್ರಿಕ್ 1791ರಲ್ಲಿ ಎರಕದ ಕಾರ್ಖಾನೆ ತೆರೆದ. 1815ರಲ್ಲಿ ಆ ಮನೆತನಕ್ಕೆ ಕಾಫಿ ಮಿಲ್ಲಿನ ಪೇಟೆಂಟ್ ಸಿಕ್ಕಿತು. ಚೌಕನೆಯ ಕಬ್ಬಿಣದ ಪೆಟ್ಟಿಗೆ, ತಲೆಯ ಮೇಲೆ ಹಿತ್ತಾಳೆ ಬಟ್ಟಲು, ಎದುರಿಗೆ ಕಂಪನಿಯ ಹೆಸರಿನ ಹಿತ್ತಾಳೆ ಫಲಕ — ಕೆನ್ರಿಕ್ ಮಿಲ್ಲನ್ನು ಗುರುತಿಸಲು ಇಷ್ಟು ಸಾಕು. ಫ್ರಾನ್ಸಿನಲ್ಲಿ ಗರಗಸದ ಅಲಗು, ಗಡಿಯಾರದ ಸ್ಪ್ರಿಂಗು ಮಾಡುತ್ತಿದ್ದ ಪ್ಯೂಜೋ ಸಹೋದರರು 1840ರಲ್ಲಿ ಕಾಫಿ ಮಿಲ್ ತಯಾರಿಸಿದರು. ಕಾರು ಕಂಪನಿಯಾಗಿ ಲೋಕಕ್ಕೆ ಪರಿಚಯವಾಗುವ ಎಷ್ಟೋ ಮುಂಚೆ ಪ್ಯೂಜೋ ಹೆಸರು ಫ್ರೆಂಚ್ ಅಡುಗೆಮನೆಗಳಲ್ಲಿತ್ತು. ಜರ್ಮನಿಯಲ್ಲಿ 1867ರಲ್ಲಿ ಶುರುವಾದ ಝಾಸೆನ್‌ಹೌಸ್ ಕಂಪನಿ ಮರದ ಡಬ್ಬಿಗೆ ಸಣ್ಣ ಡ್ರಾಯರ್ ಇಟ್ಟು, ತೊಡೆಯ ನಡುವೆ ಅದುಮಿಕೊಂಡು ತಿರುಗಿಸುವ ಮಿಲ್ಲುಗಳಿಗೆ ಹೆಸರಾಯಿತು. ಅಮೆರಿಕದ ಫಿಲಡೆಲ್ಫಿಯಾದ ಎಂಟರ್‌ಪ್ರೈಸ್ ಕಂಪನಿಯದು ಕಿರಾಣಿ ಅಂಗಡಿಗಳಿಗಾಗಿ ಎರಡು ದೊಡ್ಡ ಗಾಲಿಯ ಕೆಂಪು ಮಿಲ್ಲು.

ಭಾರತದ ಮಟ್ಟಿಗೆ ಮುಖ್ಯ ಹೆಸರು ಲಂಡನ್ನಿನ ಸ್ಪಾಂಗ್. ಜೇಮ್ಸ್ ಆಸ್ಬಾರ್ನ್ ಸ್ಪಾಂಗ್ 1856ರಲ್ಲಿ ಆರಂಭಿಸಿದ ಈ ಕಂಪನಿ ಮನೆಬಳಕೆಯ ಹತ್ತಾರು ಯಂತ್ರಗಳನ್ನು ಮಾಡುತ್ತಿತ್ತು. ಅದರ ಕಾಫಿ ಮಿಲ್ಲುಗಳಿಗೆ ಗಾತ್ರಕ್ಕೆ ತಕ್ಕ ನಂಬರು. ಗೋಡೆಗೋ ಕಂಬಕ್ಕೋ ಸ್ಕ್ರೂ ಹಾಕಿ ಬಿಗಿಯುವ ಕಪ್ಪು ಎರಕದ ಮೈ, ಅದರ ಮೇಲೆ ಹೊಂಬಣ್ಣದ ಅಂಚು. ಸಾಮ್ರಾಜ್ಯದ ವ್ಯಾಪಾರದ ದಾರಿಯಲ್ಲಿ ಇಂಥ ಮಿಲ್ಲುಗಳು ಎಸ್ಟೇಟ್ ಬಂಗಲೆಗಳಿಗೆ ಬಂದವು, ಬಂಗಲೆಗಳಿಂದ ಸುತ್ತಲಿನ ಜಮೀನ್ದಾರರ, ವಕೀಲರ, ಶಾನುಭೋಗರ ಮನೆಗಳಿಗೆ ಹಬ್ಬಿದವು. ಇಂಗ್ಲಿಷ್ ಮಾದರಿ ನೋಡಿ ಇಲ್ಲಿನ ಎರಕದವರು ಹೊಯ್ದ ಮಿಷನ್‌ಗಳೂ ಇವೆ. ಅವು ಅಂದದಲ್ಲಿ ಒರಟು, ಕೆಲಸದಲ್ಲಿ ಗಟ್ಟಿ.

ಹೊರಮೈ ಯಾವುದೇ ಇರಲಿ, ಜೀವ ಇರುವುದು ಒಳಗಿನ ಹಲ್ಲುಗಳಲ್ಲಿ. ಒಂದು ಮಿಷನ್ ಬಿಚ್ಚಿ ನೋಡಿದರೆ ನಡುವಿನ ಸರಳಿಗೆ ಸಿಕ್ಕಿಸಿದ ಒಂದು ಶಂಕು, ಅದರ ಸುತ್ತ ಒಳಮೈಗೆ ಹಲ್ಲು ಕೊರೆದ ಒಂದು ಬಳೆ. ಶಂಕುವಿನ ಮೇಲ್ಭಾಗದ ಹಲ್ಲು ದಪ್ಪ, ಓರೆ, ಒಂದಕ್ಕೊಂದು ದೂರ; ಇವು ಇಡೀ ಬೀಜವನ್ನು ಎಳೆದುಕೊಂಡು ಮುರಿಯುತ್ತವೆ. ಕೆಳಕ್ಕಿಳಿದಂತೆ ಹಲ್ಲು ಸಣ್ಣದಾಗಿ ಒತ್ತೊತ್ತಾಗುತ್ತವೆ. ಮುರಿದ ಚೂರು ಅಲ್ಲಿ ಅರೆದು, ಬಳೆಗೂ ಶಂಕುವಿಗೂ ನಡುವೆ ಉಳಿದ ಸಂದಿನಷ್ಟೇ ಗಾತ್ರಕ್ಕೆ ಬಂದ ಮೇಲೆ ಹೊರಬೀಳುತ್ತದೆ. ಆ ಸಂದನ್ನು ಹಿಗ್ಗಿಸಲು ಕುಗ್ಗಿಸಲು ಒಂದು ತಿರುಪು. ಒಳ್ಳೆಯ ಮಿಲ್ಲಿಗೂ ಸಾಧಾರಣ ಮಿಲ್ಲಿಗೂ ಇರುವ ವ್ಯತ್ಯಾಸವೆಲ್ಲ ಈ ಹಲ್ಲಿನ ಲೋಹ ಎಷ್ಟು ಗಡಸು, ಸರಳು ಅಲುಗಾಡದೆ ಎಷ್ಟು ನೇರ ನಿಲ್ಲುತ್ತದೆ ಎಂಬುದರಲ್ಲಿದೆ. ಪ್ಯೂಜೋ ಕಂಪನಿಗೆ ಉಕ್ಕಿಗೆ ಹದ ಕೊಡುವ ವಿದ್ಯೆ ಮೊದಲೇ ಕೈಗೂಡಿತ್ತು. ಅದರ ಹಳೆಯ ಮಿಲ್ಲುಗಳಲ್ಲಿ ಎಷ್ಟೋ ಇವತ್ತಿಗೂ ಚೆನ್ನಾಗಿ ಅರೆಯುತ್ತವೆ.

ಕೈಮಿಷನ್ ಕರ್ನಾಟಕದ ಮನೆಗಳಲ್ಲಿ ಬೇರೂರಲು ಮೂರು ಕಾರಣಗಳಿದ್ದವು.

ಮೊದಲನೆಯದು ಬೀಜದ ಗುಣ. ಹುರಿಯದ ಹಸಿ ಬೀಜ ತಿಂಗಳುಗಟ್ಟಲೆ ಕೆಡುವುದಿಲ್ಲ. ಹುರಿದ ಮೇಲೆ ಅದರ ಘಮ ಕೆಲವು ವಾರದ್ದು, ಪುಡಿಯಾದ ಮೇಲೆ ಕೆಲವೇ ದಿನದ್ದು. ಹಾಗಾಗಿ ಹಸಿ ಬೀಜವನ್ನು ಡಬ್ಬದಲ್ಲಿ ತುಂಬಿಟ್ಟು ವಾರಕ್ಕೆ ಬೇಕಾದಷ್ಟು ಹುರಿದು, ಆಯಾ ಹೊತ್ತಿನದನ್ನು ಆಗಲೇ ಪುಡಿಮಾಡುವ ಪದ್ಧತಿ ಬೆಳೆಯಿತು. ಮೈಸೂರಿನ ಆರ್.ಕೆ. ನಾರಾಯಣ್ ಕಾಫಿಯ ವಿಷಯ ಬರೆದಾಗ ನೆನೆದದ್ದು ತಮ್ಮ ತಾಯಿಯನ್ನು: ಬೀಜವನ್ನು ಒಂದೊಂದಾಗಿ ಪರೀಕ್ಷಿಸಿ ಆರಿಸುವುದು, ಇದ್ದಿಲ ಕೆಂಡದ ಮೇಲೆ ನಿಧಾನ ಹುರಿಯುವುದು, ಹೊಗೆಯ ಬಣ್ಣ ಮತ್ತು ವಾಸನೆಯಿಂದಲೇ ಹದ ತಿಳಿಯುವುದು, ಆಮೇಲೆ ಸರಿಯಾದ ನುಣುಪಿಗೆ ಪುಡಿಮಾಡುವುದು. ಆ ಕಾಲದ ನೂರಾರು ಮನೆಗಳಲ್ಲಿ ಇದೇ ಶಿಸ್ತು ಇತ್ತು.

ಎರಡನೆಯದು ನಂಬಿಕೆ. ಪೇಟೆಯ ಪುಡಿಯಲ್ಲಿ ಚಿಕೋರಿ ಎಷ್ಟಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿಮಾಡಿದರೆ ಡಿಕಾಕ್ಷನ್‌ಗೆ ಬಣ್ಣ ಮತ್ತು ಮಂದತೆ ಕೊಡುತ್ತದೆ, ಘಮ ಕೊಡುವುದಿಲ್ಲ. ಇವತ್ತಿನ ಕಾನೂನಿನಲ್ಲೂ ಕಾಫಿ-ಚಿಕೋರಿ ಮಿಶ್ರಣವೆಂದು ಮಾರುವ ಪುಡಿಯಲ್ಲಿ ಶೇ. 51ರಷ್ಟು ಕಾಫಿ ಇದ್ದರೆ ಸಾಕು. ಬೀಜ ಕೊಂಡು ಮನೆಯಲ್ಲೇ ಬೀಸಿದವರಿಗೆ ಈ ಅನುಮಾನವಿಲ್ಲ. ಪೀಬರಿಯೋ ಪ್ಲಾಂಟೇಷನ್ ಎ ದರ್ಜೆಯೋ ಎಂದು ಕಣ್ಣಾರೆ ನೋಡಿ ತಂದದ್ದೇ ಲೋಟಕ್ಕೆ ಬರುತ್ತದೆ.

ಮೂರನೆಯದು ಕಾಯಿದೆ ಮತ್ತು ಕರೆಂಟು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲು 1942ರ ಕಾಫಿ ಕಾಯಿದೆ ಬಂತು. ನೋಂದಾಯಿತ ಬೆಳೆಗಾರರು ಫಸಲನ್ನು ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಬೀಜವನ್ನು ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. ಮನೆಬಳಕೆಗೆ, ಬಿತ್ತನೆಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಳ್ಳಬಹುದಿತ್ತು. ತೊಂಬತ್ತರ ದಶಕದ ಮುಕ್ತ ಮಾರುಕಟ್ಟೆಯವರೆಗೆ ಪೂಲ್ ನಡೆಯಿತು. ಆ ಅರ್ಧ ಶತಮಾನ ತೋಟದ ಮನೆಗಳಲ್ಲಿ ಸ್ವಂತಕ್ಕೆ ಉಳಿಸಿಕೊಂಡ ಬೀಜಕ್ಕೆ ಸ್ವಂತ ಮಿಷನ್ನೇ ದಿಕ್ಕು. ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ವಿದ್ಯುದ್ದೀಪ ಬಂದಿದ್ದರೂ ಮಲೆನಾಡಿನ ಒಂಟಿಮನೆಗಳಿಗೆ ಕರೆಂಟು ಬಂದದ್ದು ಎಷ್ಟೋ ದಶಕಗಳ ನಂತರ. ಕೈಯಿಂದ ತಿರುಗುವ ಯಂತ್ರವೇ ಅಲ್ಲಿ ನಡೆಯಬೇಕಿತ್ತು.

ಪುಡಿಯಾದ ಕಾಫಿಗೆ ಜೊತೆಯಾಗಿ ಬಂದದ್ದು ಫಿಲ್ಟರು. ದಕ್ಷಿಣ ಭಾರತದ್ದೇ ಎಂದು ಎಲ್ಲರೂ ತಿಳಿದಿರುವ ಈ ಎರಡಂತಸ್ತಿನ ಪಾತ್ರೆಗೆ ದೂರದ ನೆಂಟರಿದ್ದಾರೆ. 1800ರ ಸುಮಾರಿನಲ್ಲಿ ಪ್ಯಾರಿಸ್ಸಿನ ಆರ್ಚ್‌ಬಿಷಪ್ ಡಿ ಬೆಲ್ವಾ ಹೆಸರಿನಲ್ಲಿ ಒಂದು ಪಾತ್ರೆ ಬಳಕೆಗೆ ಬಂತು: ಮೇಲಿನ ತೂತುತಳದ ಅಂತಸ್ತಿನಲ್ಲಿ ಪುಡಿ, ಅದರ ಮೇಲೆ ಬಿಸಿನೀರು, ಕೆಳಗೆ ಇಳಿದ ಡಿಕಾಕ್ಷನ್. ಅಮೆರಿಕದಲ್ಲಿ ಹುಟ್ಟಿ ಬವೇರಿಯಾದಲ್ಲಿ ಮಂತ್ರಿಯಾಗಿದ್ದ ವಿಜ್ಞಾನಿ ಕೌಂಟ್ ರಮ್‌ಫರ್ಡ್ 1812ರಲ್ಲಿ ಕಾಫಿಯ ಬಗ್ಗೆಯೇ ಒಂದು ಪ್ರಬಂಧ ಬರೆದು, ಪುಡಿಯನ್ನು ತೂತಿನ ಬಿಲ್ಲೆಯಿಂದ ಸಮನಾಗಿ ಒತ್ತಬೇಕು, ಕಾಫಿಯನ್ನು ಎಂದೂ ಕುದಿಸಬಾರದು ಎಂದು ವಾದಿಸಿದ. ನಮ್ಮ ಫಿಲ್ಟರಿನೊಳಗಿನ, ಮೇಲೆ ಸಣ್ಣ ಕಡ್ಡಿ ಇರುವ ಆ ಒತ್ತುಬಿಲ್ಲೆ ಮಾಡುವ ಕೆಲಸವೂ ಇದೇ.

ಇಲ್ಲಿನ ಕೈಗಳು ಅದಕ್ಕೆ ಕೊಟ್ಟದ್ದು ಹಿತ್ತಾಳೆಯ ಮೈ. ಕುಂಭಕೋಣದಂಥ ಪಾತ್ರೆಯ ಪೇಟೆಗಳಲ್ಲಿ, ನಾಗಮಂಗಲದಂಥ ಲೋಹಗೆಲಸದ ಊರುಗಳಿರುವ ನಾಡಿನಲ್ಲಿ ಹಿತ್ತಾಳೆ ಎಂದರೆ ಅಡುಗೆಮನೆಯ ಸಹಜ ಲೋಹ. ದಪ್ಪ ಹಿತ್ತಾಳೆ ಬೇಗ ಆರುವುದಿಲ್ಲ. ಡಿಕಾಕ್ಷನ್ ಇಳಿಯಲು ಹತ್ತು ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತೂ ಒಳಗಿನ ನೀರು ಬಿಸಿಯಾಗಿದ್ದರೆ ಪುಡಿಯ ಸಾರ ಪೂರ್ತಿ ಇಳಿಯುತ್ತದೆ. ಮೇಲಿನ ಬಟ್ಟಲು ಕೆಳಗಿನದರ ಬಾಯಿಗೆ ಹದವಾಗಿ ಕೂರಬೇಕು. ಸಡಿಲವಾದರೆ ಅಲುಗಾಡುತ್ತದೆ. ತೀರಾ ಬಿಗಿಯಾದರೆ ಕೆಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಹನಿ ನಿಂತುಬಿಡುತ್ತದೆ. ಆಗ ಮೇಲಿನ ಬಟ್ಟಲನ್ನು ಕೂದಲೆಳೆಯಷ್ಟು ಎತ್ತಿ ಬಿಟ್ಟರೆ ಟಪಟಪ ಎಂದು ಮತ್ತೆ ಇಳಿಯಲು ಶುರು. ಹಳೆಯ ಗೃಹಿಣಿಯರಿಗೆ ಇದು ಹೇಳಿಕೊಡದೇ ಬಂದ ವಿದ್ಯೆ.

ಹಿತ್ತಾಳೆಯ ಜೊತೆಗೆ ಕಲಾಯಿಯವರೂ ಬಂದರು. ತಾಮ್ರ ಮತ್ತು ಸತು ಬೆರೆತ ಹಿತ್ತಾಳೆಗೆ ಹುಳಿಯ ಅಂಶ ತಗುಲಿದರೆ ಕಿಲುಬು ಬಿಡುತ್ತದೆ. ಕಾಫಿಯಲ್ಲಿ ಹುಳಿ ಇದ್ದೇ ಇದೆ. ಹಾಗಾಗಿ ಒಳಮೈಗೆ ತವರದ ಲೇಪ ಬೇಕು. ಬೀದಿಯಲ್ಲಿ ಕುಳಿ ತೋಡಿ, ತಿದಿ ಒತ್ತಿ ಇದ್ದಿಲು ಕೆಂಪಾಗಿಸಿ, ಹುಣಸೆಯಲ್ಲಿ ತಿಕ್ಕಿದ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿದಾಗ ಬಿಳಿ ಹೊಗೆ ಏಳುತ್ತಿತ್ತು. ಮರುಗಳಿಗೆಗೆ ತವರದ ಕಡ್ಡಿ ಮುಟ್ಟಿಸಿ ಅರಳೆಯಲ್ಲಿ ಒಂದು ಸುತ್ತು ಒರೆಸಿದರೆ ಒಳಮೈಯೆಲ್ಲ ಬೆಳ್ಳಿಯ ಬಣ್ಣ. ವರ್ಷಕ್ಕೊಂದೆರಡು ಬಾರಿ ಈ ಕೆಲಸ ನಡೆಯದಿದ್ದರೆ ಫಿಲ್ಟರು ಮೂಲೆ ಸೇರುತ್ತಿತ್ತು.

ಮುಂದೆ ಎಲ್ಲ ಒಟ್ಟಿಗೇ ಬದಲಾಯಿತು. ಊರೂರಿಗೆ 'ಕಾಫಿ ವರ್ಕ್ಸ್' ಬಂದವು. ಕರೆಂಟಿನ ದೊಡ್ಡ ಮಿಷನ್‌ನಲ್ಲಿ ಕಣ್ಣೆದುರೇ ಹುರಿದು, ಬೀಸಿ, ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ಪುಡಿ ಕೊಡುವಾಗ ಮನೆಯಲ್ಲಿ ಕೈನೋಯಿಸಿಕೊಳ್ಳುವವರು ಕಡಿಮೆಯಾದರು. ಅರವತ್ತರ ದಶಕದಲ್ಲಿ ಮಿಕ್ಸಿ ಕಾಲಿಟ್ಟಿತು. ಮಿಕ್ಸಿಯ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಸಿಕ್ಕಸಿಕ್ಕಂತೆ ಕತ್ತರಿಸುತ್ತದೆ. ಒರಳಿನ ಹಳೆಯ ತೊಡಕು — ಹಿಟ್ಟೂ ನುಚ್ಚೂ ಒಟ್ಟಿಗೆ — ಅದರ ಜೊತೆ ಮರಳಿ ಬಂತು. ಸ್ಟೀಲ್ ಪಾತ್ರೆಗೆ ಕಲಾಯಿ ಬೇಡ, ಹುಣಸೆ ಬೇಡ, ಹಗುರ, ಅಗ್ಗ. ಹಿತ್ತಾಳೆ ಫಿಲ್ಟರನ್ನು ತೂಕಕ್ಕೆ ಹಾಕಿ ಸ್ಟೀಲಿನದು ತಂದ ಮನೆಗಳಿಗೆ ಲೆಕ್ಕವಿಲ್ಲ. 1989ರಲ್ಲಿ ನಂಜನಗೂಡಿನಲ್ಲಿ ನೆಸ್ಲೆ ಕಂಪನಿಯ ಕಾರ್ಖಾನೆ ತಲೆಯೆತ್ತಿತು. ಬಿಸಿನೀರಿಗೆ ಒಂದು ಚಮಚ ಸುರಿದರೆ ಮುಗಿಯುವ ಇನ್‌ಸ್ಟಂಟ್ ಕಾಫಿಗೆ ಮಿಷನ್ನೂ ಬೇಡ, ಫಿಲ್ಟರೂ ಬೇಡ. ಮನೆಯವರ ಬಿಡುವು ಕಡಿಮೆಯಾದಾಗ ಇವೆಲ್ಲ ನಿಜವಾದ ನೆರವನ್ನೇ ಕೊಟ್ಟವು. ಆದರೆ ಕೊಟ್ಟು ಕಳೆದದ್ದು ಏನೆಂದು ತಿಳಿಯುವ ಹೊತ್ತಿಗೆ ಮಿಷನ್‌ಗಳು ಕರಗಿ ಬೇರೆ ಎರಕವಾಗಿದ್ದವು.

ಈಗ ಹುಡುಕುವವರು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಸಂಡೇ ಬಜಾರಿನಲ್ಲಿ ಹಳೆ ಸಾಮಾನಿನ ರಾಶಿಗೆ ಹೆಸರಿದೆ. ಬೆಳಗ್ಗೆ ಬೇಗ ಹೋದವರಿಗೆ ಒಳ್ಳೆಯದು ಸಿಗುತ್ತದೆ. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಗಳ ಗುಜರಿ ಅಂಗಡಿಗಳನ್ನು ಕೇಳಬಹುದು. ಹಳೆಮನೆ ಕೆಡವಿದ ಮರಮುಟ್ಟು ಮಾರುವವರ ಬಳಿ ಕಂಬದ ಸಮೇತ ಮಿಷನ್ ಸಿಕ್ಕರೂ ಆಶ್ಚರ್ಯವಿಲ್ಲ. ಹಿತ್ತಾಳೆ ಫಿಲ್ಟರಿಗೆ ಹಳೆಯ ಪಾತ್ರೆ ಅಂಗಡಿಗಳೇ ಸೂಕ್ತ: ಬದಲಿಗೆ ಬಂದ ಪಾತ್ರೆಯನ್ನು ಕರಗಿಸಲು ಕಳಿಸುವ ಮೊದಲು ಅವರು ರಾಶಿ ಹಾಕಿರುತ್ತಾರೆ, ತೂಕದ ಬೆಲೆಗೇ ಕೊಡುವುದೂ ಉಂಟು. ಎಲ್ಲಕ್ಕಿಂತ ಹತ್ತಿರದ ಜಾಗ ಸ್ವಂತ ಊರಿನ ಅಟ್ಟ.

ಸಿಕ್ಕಿದ್ದನ್ನು ಕೊಳ್ಳುವ ಮೊದಲು ನೋಡಬೇಕಾದದ್ದು ಹೊರಗಿನ ಬಣ್ಣವನ್ನಲ್ಲ. ಹಿಡಿ ತಿರುಗಿಸಿ, ಸರಳು ಪಕ್ಕಕ್ಕೆ ಅಲುಗುತ್ತದೆಯೇ ಎಂದು ಬೆರಳಿಟ್ಟು ಪರೀಕ್ಷಿಸಬೇಕು. ಟಾರ್ಚ್ ಬಿಟ್ಟು ಒಳಗಿನ ಹಲ್ಲು ನೋಡಬೇಕು. ಅಂಚು ಬೆರಳಿಗೆ ತಾಗುವಷ್ಟು ಚೂಪಿದ್ದರೆ ಒಳ್ಳೆಯದು, ಸವೆದು ದುಂಡಾಗಿದ್ದರೆ ಬೀಜ ಹಿಸುಕುತ್ತದೆ, ಅರೆಯುವುದಿಲ್ಲ. ತಿರುಪು ಎರಡೂ ಕಡೆ ಓಡಬೇಕು. ಮೇಲ್ಮೈ ತುಕ್ಕು ಹೆದರಬೇಕಾದ ವಿಷಯವಲ್ಲ. ಎರಕದ ಮೈಯಲ್ಲಿ ಬಿರುಕಿದ್ದರೆ ಮಾತ್ರ ಬಿಟ್ಟುಬಿಡುವುದು ಲೇಸು, ಎರಕದ ಕಬ್ಬಿಣವನ್ನು ಬೆಸೆಯುವುದು ಸುಲಭವಲ್ಲ. ಕೈಯಲ್ಲೊಂದು ಹಿಡಿ ಹುರಿದ ಬೀಜ ಇಟ್ಟುಕೊಂಡು ಹೋಗಿ ಅಲ್ಲೇ ಬೀಸಿ ನೋಡಿದರೆ ಎಲ್ಲ ಅನುಮಾನವೂ ತೀರುತ್ತದೆ.

ಮನೆಗೆ ತಂದ ಮೇಲೆ ಮಿಷನ್‌ಗೆ ನೀರು ತಾಗಿಸಬಾರದು. ಬಿಚ್ಚಿ, ತಂತಿಯ ಬ್ರಷ್ಷಿನಿಂದ ತುಕ್ಕು ಕೆರೆದು, ಹಲ್ಲಿನ ಸಂದಿಯ ಹಳೆ ಜಿಡ್ಡನ್ನು ಒಣಗಿದ ಬ್ರಷ್ಷಿನಿಂದ ತೆಗೆಯಬೇಕು. ಒಂದು ಹಿಡಿ ಅಕ್ಕಿ ಬೀಸಿ ಎಸೆದು, ಆಮೇಲೆ ಒಂದು ಹಿಡಿ ಅಗ್ಗದ ಕಾಫಿಬೀಜ ಬೀಸಿ ಎಸೆದರೆ ಹಳೆಯ ವಾಸನೆ ಹೋಗುತ್ತದೆ. ಬೀಜ ತಾಗುವ ಬಟ್ಟಲಿನ ಒಳಭಾಗದಲ್ಲಿ ಹಳೆಯ ಬಣ್ಣ ಏಳುತ್ತಿದ್ದರೆ ಎಚ್ಚರ ಬೇಕು; ಆ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದನ್ನು ತಿಳಿದವರಿಂದ ಪೂರ್ತಿ ತೆಗೆಸದೆ ಬಳಸಬಾರದು.

ಹಿತ್ತಾಳೆ ಫಿಲ್ಟರನ್ನು ಬೆಳಕಿಗೆ ಎತ್ತಿ ಹಿಡಿದರೆ ತಳದ ತೂತುಗಳು ಸಮನಾಗಿವೆಯೇ, ಮುಚ್ಚಿಹೋಗಿವೆಯೇ ತಿಳಿಯುತ್ತದೆ. ಎರಡು ಬಟ್ಟಲುಗಳ ಬಾಯಿ ನೆಗ್ಗಿರಬಾರದು. ಒಳಗೆ ಹಳದಿ ಕಾಣುತ್ತಿದ್ದರೆ ಕಲಾಯಿ ಹೋಗಿದೆ ಎಂದರ್ಥ. ಮತ್ತೆ ಹಾಕಿಸುವಾಗ ಶುದ್ಧ ತವರವನ್ನೇ ಕೇಳಬೇಕು. ಸೀಸ ಬೆರೆಸಿದ ಅಗ್ಗದ ಕಲಾಯಿ ಆರೋಗ್ಯಕ್ಕೆ ಕೆಟ್ಟದ್ದು. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಆದ್ದರಿಂದ ಖಾಲಿ ಫಿಲ್ಟರನ್ನು ಎಂದೂ ಒಲೆಯ ಮೇಲಿಡಬಾರದು. ಕಲಾಯಿಯವರು ಈಗ ಬೀದಿಯಲ್ಲಿ ಕೂಗಿಕೊಂಡು ಬರುವುದು ಅಪರೂಪ. ಆದರೂ ಹಳೆಪೇಟೆಯ ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಿದರೆ ವಿಳಾಸ ಸಿಗುತ್ತದೆ. ನಾಲ್ಕು ಮನೆಯವರು ಸೇರಿ ಕರೆಸಿದರೆ ಅವರಿಗೂ ಒಂದು ದಿನದ ಕೂಲಿ ಆಯಿತು.

ಹೀಗೆ ರಿಪೇರಿಯಾದ ಮಿಷನ್ ಷೋಕೇಸಿನ ಗಾಜಿನ ಹಿಂದೆ ಕೂರುವುದು ಅದಕ್ಕೆ ಮಾಡುವ ಅನ್ಯಾಯ. ಹಲ್ಲು ಚೂಪಿರುವ ಹಳೆಯ ಮಿಲ್ಲು ಫಿಲ್ಟರ್ ಕಾಫಿಗೆ ಬೇಕಾದ ಹದವನ್ನು ಎರಡು ಮೂರು ನಿಮಿಷದಲ್ಲಿ ಕೊಡುತ್ತದೆ, ಅದೂ ಮಿಕ್ಸಿಗಿಂತ ಸಮನಾಗಿ. ಹಾಗಾಗಿ ಈ ಬಾರಿ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಮಿಷನ್ನೋ ಫಿಲ್ಟರೋ ಸಿಕ್ಕರೆ ಗುಜರಿಯವರನ್ನು ಕರೆಯುವ ಮೊದಲು ಮೈಮೇಲಿನ ಹೆಸರು, ನಂಬರು ಓದಿ ಬರೆದಿಟ್ಟುಕೊಳ್ಳಿ. ಅದನ್ನು ಯಾರು ತಂದರು, ಎಲ್ಲಿಂದ ತಂದರು, ಯಾರು ತಿರುಗಿಸುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ. ಆಮೇಲೆ ಒರೆಸಿ, ಬಿಗಿದು, ಬೀಜ ಹಾಕಿ ತಿರುಗಿಸಿ.